ಬರ್ತೀನಿ ತಾತ

ಹೂಂಗುಟ್ಟೋಕೆ ಒಬ್ಬರು ಬೇಕು. ನೀನಾ? ಸರಿ, ಹತ್ತಿರ ಬಾ. ನಿಲ್ಲಿಸಬೇಡ ಮತ್ತೆ. ಹೂಂ ಅನ್ನೋರಿಲ್ಲದಿದ್ದರೆ ನನ್ನ ಕತೆ ನಡುದಾರಿಯಲ್ಲಿ ಕೂತುಬಿಡುತ್ತೆ, ಆಮೇಲೆ ಎಬ್ಬಿಸೋದು ಕಷ್ಟ.

ಕುಣಿಗಲ್ಲಿನಲ್ಲಿ ಚೆನ್ನಾಜಮ್ಮ ಅಂತ ಒಬ್ಬಳಿದ್ದಳು. ಹಪ್ಪಳ ಒತ್ತಿ ಮಾರುವವಳು. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ, ಕೆಂಪರಾಜ. ನೋಡೋಕೆ ರಾಜನ ಹಾಗೇ ಇದ್ದ. ಬುದ್ಧಿ ಮಾತ್ರ, ಏನು ಹೇಳಲಿ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ.

"ಮಗಾ, ಹಾಲು ಉಕ್ಕುತ್ತೆ, ನೋಡ್ಕೊ" ಅಂದಳು ಅವ್ವ ಒಂದು ದಿನ. ನೋಡಿದ. ಉಕ್ಕಿತು. ಒಲೆಯೆಲ್ಲಾ ಹಾಲು. "ಉಕ್ತು ಕಣವ್ವ! ಒಂದ್ ಚೂರೂ ಕಣ್ಣು ಕೀಳದಂಗೆ ನೋಡ್ದೆ!" ಅಂದ. ಅವ್ವ ಹಣೆ ಚಚ್ಚಿಕೊಂಡಳು. ಇಂಥವನು ಕಾಲೇಜಿಗೆ ಹೇಗೆ ಬಂದ ಅಂತೀಯಾ? ಪುಸ್ತಕದಲ್ಲಿ ಇದ್ದದ್ದನ್ನ ಇದ್ದ ಹಾಗೇ ಬರೆಯುತ್ತಿದ್ದ. ಪುಟದ ನಂಬರನ್ನೂ ಬಿಡುತ್ತಿರಲಿಲ್ಲ. ಪಾಸಾಗುತ್ತಿದ್ದ.

ಆದರೆ ಒಂದು ಗುಣ. ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ. ಅವ್ವನಿಗೆ ಹೆಮ್ಮೆ ಇದ್ದದ್ದೂ ಅದರ ಬಗ್ಗೆಯೇ, ಹೆದರಿಕೆ ಇದ್ದದ್ದೂ ಅದರ ಬಗ್ಗೆಯೇ. "ಇವನ ಬಾಯಲ್ಲಿ ಯಾವ ಮಾತು ಯಾರ ಮುಂದೆ ಬಂದುಬಿಡುತ್ತೋ, ಯಾರು ಹಿಡಿದುಕೊಂಡು ಬಿಡುತ್ತಾರೋ" ಅಂತ ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಕೆಂಪರಾಜನಿಗೆ ಇಬ್ಬರು ಗೆಳೆಯರು, ಇಂದ್ರೇಶ ಮತ್ತೆ ಅಫ್ರೋಜ್. ಡಿಗ್ರಿ ಮುಗಿಯೋದರೊಳಗೆ ಒಂದು ಸಲ ಫಾರಿನ್ ನೋಡಬೇಕು ಅಂತ ಅವರಿಗೆ ಚಪಲ. ಕೈಯಲ್ಲಿ ಕಾಸಿಲ್ಲ. ಕೊನೆಗೆ ಅಫ್ರೋಜ್ ಒಂದು ದಾರಿ ಹುಡುಕಿದ. "ನೇಪಾಳ! ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ವೋಟರ್ ಕಾರ್ಡ್ ಸಾಕು. ಜನರಲ್ ಬೋಗೀಲಿ ಕೂತ್ರೆ ಗಡಿ ತನಕ ರೈಲು. ಆಮೇಲೆ ನಡ್ಕೊಂಡೇ ಫಾರಿನ್ನಿಗೆ ಹೋಗ್ಬಹುದು ಗುರು!"

ಹೊರಡುವ ದಿನ. ಕೆಂಪರಾಜ ಹೆಗಲಿಗೆ ಚೀಲ ಹಾಕಿಕೊಂಡು ಹೊಸಿಲ ಮೇಲೆ ನಿಂತ. "ಅವ್ವಾ, ಹೋಗ್ತೀನಿ."

ಅವ್ವ ಓಡಿ ಬಂದು ಬಾಯಿ ಮೇಲೆ ಹೊಡೆದಳು. "ಬಿಡ್ತು ಅನ್ನು! ಹೋಗ್ತೀನಿ ಅಂತಾರೇನ್ಲಾ? ಹೋಗೋರು ಸತ್ತೋರು ಕಣೋ! ಬದುಕಿರೋರು ಎಲ್ಲಿಂದ ಹೊರಟ್ರೂ ಹೋಗಿ ಬರ್ತೀನಿ ಅನ್ಬೇಕು. ಯಾರನ್ನ ಬಿಟ್ಟು ಹೊರಟ್ರೂ ಬರ್ತೀನಿ ಅನ್ಬೇಕು."

"ಬಿಡ್ತು. ಹೋಗಿ ಬರ್ತೀನಿ ಕಣವ್ವ."

ಹೋದ. ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯರು ಕೈ ಬೀಸಿದರು. ಬಸ್ ಮುಟ್ಟಿದ. ತಿರುಗಿದ. ಮನೆಗೆ ಬಂದ. "ಹೋಗಿ ಬಂದೆ ಕಣವ್ವ!" ಅಂದ. ಅಷ್ಟರಲ್ಲಿ ಬಸ್ ಹೊರಟುಹೋಯಿತು.

"ಅಯ್ಯೋ ನನ್ನ ಹಣೆಬರಾ!" ಅಂತ ಅವ್ವ ಬೊಬ್ಬೆ ಹಾಕಿದಳು. "ನಿನ್ನ ಕಟ್ಕೊಂಡು ನಾನೇನ್ ಮಾಡ್ಲಿ? ಕೇಳು. ನಿಂಗೆ ದಾರಿ ಗೊತ್ತಾಗಲ್ಲ. ಮುಂದೆ ಹೋಗೋರ ಹಿಂದೆ ಹೋಗು. ಮುಂದಿರೋರನ್ನ ಬಿಡಬೇಡ!"

"ಆಯ್ತು ಕಣವ್ವ. ಮುಂದಿರೋರನ್ನ ಬಿಡಲ್ಲ."

ಮುಂದಿನ ಬಸ್ಸು ಹತ್ತಿದರು. ರೈಲು ಹತ್ತಿದರು. ಕಕ್ಕಸಿನ ಪಕ್ಕ ಕೂತು, ಒಬ್ಬರ ಹೆಗಲ ಮೇಲೊಬ್ಬರು ತೂಕಡಿಸುತ್ತಾ ಗಡಿ ತಲುಪಿದರು. ದಾಟಿದರು. ಮತ್ತೊಂದು ಬಸ್ಸು, ಬೆಟ್ಟದ ದಾರಿ. ಒಂದು ಮುಂಜಾನೆ ನದಿ ಪಕ್ಕದ ಊರಲ್ಲಿ ಇಳಿದರು. ಹೂಂ ಅನ್ನು. ಮಂಜು ಅಂದರೆ ಮಂಜು. ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲ.

ಮುಂದೆ ಇಂದ್ರೇಶ, ಅಫ್ರೋಜ್. ಹಿಂದೆ ಕೆಂಪರಾಜ. ಇಂದ್ರೇಶನ ಶೂ ದಾರ ಬಿಚ್ಚಿಕೊಂಡಿತು. ಇಬ್ಬರೂ ದಾರಿ ಬದಿಗೆ ಸರಿದು ನಿಂತರು. ಅಷ್ಟರಲ್ಲೇ ಮಂಜಿನೊಳಗಿಂದ ಒಂದಷ್ಟು ಜನ ಬಂದರು. ಬಿಳಿ ಬಟ್ಟೆ. ಬರಿಗಾಲು. ಹೆಗಲ ಮೇಲೆ ಏನೋ ಉದ್ದಕ್ಕೆ. ಒಬ್ಬರೂ ಮಾತಾಡುತ್ತಿರಲಿಲ್ಲ. ಕೆಂಪರಾಜ ನೋಡಿದ. ಈಗ ಮುಂದೆ ಇರುವವರು ಇವರು. ಹಿಂದೆ ಹೋದ.

ನದಿ ಬಂತು. ಅವರು ಹೆಗಲ ಮೇಲಿದ್ದದ್ದನ್ನು ಮೆಟ್ಟಿಲ ಮೇಲೆ ಇಳಿಸಿದರು. ಒಬ್ಬ ಮುದುಕ. ಕೊರಳಲ್ಲಿ ಚೆಂಡು ಹೂವಿನ ಹಾರ. ಕಾಲು ಎರಡೂ ನೀರಿನೊಳಗೆ ಬರುವ ಹಾಗೆ ಮಲಗಿಸಿ, ಸೌದೆ ತರೋಕೆ ಅಂತ ಎಲ್ಲರೂ ಹೋದರು. ಉಳಿದವರು ಕೆಂಪರಾಜ ಒಬ್ಬ, ಮುದುಕ ಒಬ್ಬ.

ಸ್ವಲ್ಪ ಹೊತ್ತು ಕೂತ. ಮುಂದೆ ಹೋಗೋರು ಯಾರೂ ಇಲ್ಲ. ಬೇಜಾರಾಯಿತು. ಎದ್ದ. ಯಾರನ್ನ ಬಿಟ್ಟು ಹೊರಟರೂ ಹೇಳಬೇಕಲ್ಲ? ಬಗ್ಗಿ, ಮುದುಕನ ಕಿವಿ ಹತ್ತಿರ ಹೇಳಿದ. "ಬರ್ತೀನಿ ತಾತ."

ಅರಚಿಕೊಂಡು ಹುಡುಕುತ್ತಿದ್ದ ಗೆಳೆಯರು ಮೆಟ್ಟಿಲ ಮೇಲೆ ಸಿಕ್ಕರು. ವಿಷಯ ಕೇಳಿದರು. ಇಂದ್ರೇಶ ಬಿಳಿಚಿಕೊಂಡ.

"ಥೂ ನಿನ್ನ! ಹೆಣದ ಹತ್ರ ಬರ್ತೀನಿ ಅಂದ್ಯೇನೋ? ಸಾವಿನ ಮನೇಲಿ ಯಾರಾದ್ರೂ ಬರ್ತೀನಿ ಅಂತಾರಾ? ಎಲ್ಲಿಗೋ ಬರ್ತೀಯ ನೀನು? ಅವರು ಹೋಗೋ ಕಡೆಗಾ?"

"ಬರ್ತೀನಿ ಅಂತ ಅಂದಾಗಿದೆ" ಅಂದ ಕೆಂಪರಾಜ. "ಹೋಗ್ಬೇಕಲ್ವಾ?"

ಅವನ ಮಾತು ಅಂದರೆ ಏನು ಅಂತ ಅವರಿಗೆ ಗೊತ್ತು. ಅಫ್ರೋಜ್ ಮೆಲ್ಲಗೆ ಕೇಳಿದ. "ತಾತ ಏನಂದ್ರು?"

"ಏನೂ ಅನ್ಲಿಲ್ಲ. ತಲೆ ಆಡಿಸಿದ್ರು."

ರಟ್ಟೆ ಹಿಡಿದು ಎಳೆದುಕೊಂಡು ಬಂದರು. ದಾರಿಯುದ್ದಕ್ಕೂ ಇಂದ್ರೇಶ ಬೈದ. "ಇನ್ನೊಂದ್ಸಲ ಹಿಂಗೆಲ್ಲಾದ್ರೂ ಆದ್ರೆ ಕೇಳ್ಕೊ. ಹೇಳದೆ ಕೇಳದೆ ಎದ್ದು ಬರ್ಬೇಕು. ಹಿಂದಕ್ಕೆ ತಿರುಗಿ ನೋಡ್ಬಾರ್ದು!"

"ಆಯ್ತು. ಹೇಳಲ್ಲ, ಕೇಳಲ್ಲ, ತಿರುಗಿ ನೋಡಲ್ಲ."

ಮಧ್ಯಾಹ್ನ ಒಂದು ಹೋಟೆಲಿಗೆ ಹೋದರು. ಅನ್ನ, ತೊವ್ವೆ. ಗೆಳೆಯರು ಇನ್ನೂ ಉಣ್ಣುತ್ತಿದ್ದರು. ಕೆಂಪರಾಜನದು ಮುಗಿಯಿತು. ಹೇಳಲಿಲ್ಲ. ಕೇಳಲಿಲ್ಲ. ಎದ್ದ. ನಡೆದ. ಕೈ ಕೂಡ ತೊಳೆಯಲಿಲ್ಲ.

"ಕೆಂಪಾ! ಲೋ ಕೆಂಪಾ!" ತಿರುಗಲಿಲ್ಲ. ಬೆಟ್ಟದ ದಾರಿ ಹತ್ತಿದ. ಕೂಗಿದರು. ಇನ್ನೂ ಜೋರಾಗಿ ನಡೆದ. ಏದುಸಿರು ಬಿಡುತ್ತಾ ಓಡಿ ಬಂದು ಕಾಲರ್ ಹಿಡಿದರು.

"ಕೂಗಿದ್ದು ಕೇಳಿಸ್ಲಿಲ್ವೇನೋ?" ಅಂದ ಇಂದ್ರೇಶ.

"ಕೇಳಿಸ್ತು. ತಿರುಗಬೇಡ ಅಂದಿದ್ಯಲ್ಲ."

"ಅಯ್ಯೋ ಕೋಣ! ಹಿಂದೆ ಬರೋರು ಯಾರು, ಏನು ಅಂತ ವಿಚಾರಿಸ್ಬಾರ್ದಾ? ಮನುಷ್ಯರು ಬಂದ್ರೆ ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ ಅನ್ನೋದು ನಿಮ್ಮವ್ವ ಕಲಿಸ್ಲಿಲ್ವಾ?"

"ಹೌದಲ್ಲಾ!" ಅಂತ ಕೆಂಪರಾಜ ಪೆಚ್ಚಾದ. "ಆಗಿಂದ ಪಕ್ಕದಲ್ಲೇ ಬರ್ತಿದ್ರು. ನಾನು ಮಾತೇ ಆಡಿಸ್ಲಿಲ್ಲ. ಪಾಪ."

"ಯಾರು ಬರ್ತಿದ್ರು?"

"ಯಾರೋ. ಪಚಕ್ ಪಚಕ್ ಅಂತ ನಡೀತಿದ್ರು. ನೀವೇ ಅನ್ಕೊಂಡೆ."

ಅಫ್ರೋಜ್ ದಾರಿ ನೋಡಿದ. ಒಣ ಮಣ್ಣು. ಕೆಂಪರಾಜನ ಶೂ ಗುರುತು ಮೇಲಿನವರೆಗೂ ಇತ್ತು. ಅದರ ಪಕ್ಕದಲ್ಲಿ, ಅಷ್ಟೇ ದೂರಕ್ಕೆ, ಬರಿಗಾಲಿನ ಹೆಜ್ಜೆ. ಒದ್ದೆ. ಇವರು ನಿಂತ ಕಡೆ ಅದೂ ನಿಂತಿತ್ತು.

"ಯಾರೋ ಈ ಊರೋರು" ಅಂದ ಇಂದ್ರೇಶ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ತಂಗಿದ್ದು ಒಂದು ಅಗ್ಗದ ಲಾಡ್ಜಿನಲ್ಲಿ. ಒಂದೇ ಕೋಣೆ, ಮೂಲೆಯಲ್ಲಿ ಬಚ್ಚಲು. ಬೆಳಗಾದರೆ ಹೊರಟುಬಿಡೋಣ ಅಂತ ಗೆಳೆಯರಿಬ್ಬರೂ ಸಂಜೆ ಹೊತ್ತಲ್ಲಿ ಟಿಕೆಟ್ ಮಾಡಿಸೋಕೆ ಹೋದರು. "ಬಾಗಿಲು ಹಾಕ್ಕೊಂಡು ಇಲ್ಲೇ ಇರು" ಅಂದರು. ಇದ್ದ.

ವಾಪಸ್ ಬಂದಾಗ ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಒಳಗೆ ಮಾತು ಕೇಳಿಸಿತು. "ಇನ್ನೊಂಚೂರು ಹಾಕಿಸ್ಕೊಳ್ಳಿ. ನಮ್ಮವ್ವ ಮಾಡಿದ ಚಟ್ನಿಪುಡಿ. ನಾಚ್ಕೋಬೇಡಿ."

ಬಾಗಿಲು ತಳ್ಳಿದರು. ಕೆಂಪರಾಜ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎದುರಿಗೆ ಇನ್ನೊಂದು ಎಲೆ. ಅದರ ಮೇಲೆ ಅರ್ಧ ತಿಂದ ರೊಟ್ಟಿ. ಎಲೆಯ ಮುಂದೆ ಯಾರೂ ಇಲ್ಲ. ಚಾಪೆ ಮಾತ್ರ ಒದ್ದೆ. ಚೆಂಡು ಹೂವಿನ ಎಸಳು ಒಂದಷ್ಟು.

"ಯಾರೋ... ಯಾರೋ ಬಂದಿದ್ದು?"

"ಬೆಳಗಿನ ತಾತ. ಬರ್ತೀನಿ ಅಂದೋನು ಬರ್ಲಿಲ್ವಲ್ಲ, ಕರ್ಕೊಂಡು ಹೋಗೋಣ ಅಂತ ಬಂದೆ ಅಂದ್ರು. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ ಅಂದೆ. ಸರಿಯಾಗಿ ಮಾಡಿದ್ನಾ?"

"ಕನ್ನಡದಲ್ಲಿ ಹೇಳಿದ್ರಾ?"

"ಅದೇನೋ. ಅರ್ಥ ಆಯ್ತು."

"ಈಗ ಎಲ್ಲವ್ರೆ?"

"ಕೈ ತೊಳ್ಯೋಕೆ ಹೋದ್ರು. ಬಂದ ತಕ್ಷಣ ಹೊರಡ್ತೀವಿ."

ಬಚ್ಚಲಲ್ಲಿ ನಲ್ಲಿ ನೀರು ಬೀಳುತ್ತಿತ್ತು. ಯಾರೋ ನಿಧಾನಕ್ಕೆ, ಬಹಳ ನಿಧಾನಕ್ಕೆ ಕೈ ಉಜ್ಜುತ್ತಿದ್ದರು.

ನಗಬೇಡ. ಅಲ್ಲಿದ್ದಿದ್ದರೆ ನೀನು ನಗುತ್ತಿರಲಿಲ್ಲ. ಅಫ್ರೋಜ್ ಕಣ್ಣಲ್ಲಿ ನೀರು ಬಂತು. ಈ ಪೆದ್ದನನ್ನ ಕಂಡರೆ ಅವನಿಗೆ ಪ್ರಾಣ. ಚೆನ್ನಾಜಮ್ಮನಿಗೆ ಏನು ಮುಖ ತೋರಿಸೋದು? ಅಷ್ಟರಲ್ಲಿ ಇಂದ್ರೇಶನಿಗೆ ಊರಲ್ಲಿ ಅಜ್ಜಿ ಬಾಗಿಲ ಮೇಲೆ ಬರೆಸಿದ್ದು ನೆನಪಾಯಿತು.

"ನಾಳೆ ಬಾ ಅನ್ನು!" ಅಂತ ಪಿಸುಗುಟ್ಟಿದ. "ಅಂಥೋರು ಬಂದ್ರೆ ನಾಳೆ ಬಾ ಅಂತ ಬಾಗಿಲಲ್ಲಿ ಬರೀತಿದ್ರು. ಅವು ಹೋಗ್ತವೆ. ಓಡು, ಹೇಳು! ನಾಳೆ ಬಾ ಅಂತ ಹೇಳು!"

ಕೆಂಪರಾಜ ಬಚ್ಚಲ ಬಾಗಿಲಿಗೆ ಹೋದ. ಏನೋ ಹೇಳಿದ. ಕಿವಿಗೊಟ್ಟು ಕೇಳಿದ. ಮತ್ತೆ ಏನೋ ಹೇಳಿದ. ನಲ್ಲಿ ನಿಂತಿತು.

ಬಚ್ಚಲಲ್ಲಿ ಯಾರೂ ಇರಲಿಲ್ಲ. ಬೆಳಗಿನ ತನಕ ಕಾಯಲಿಲ್ಲ ಅವರು. ಸಿಕ್ಕ ಲಾರಿ ಹತ್ತಿ ಗಡಿ ದಾಟಿ, ಮರುದಿನ ರೈಲಲ್ಲಿ ಕೂತ ಮೇಲೇ ಮೂವರೂ ಉಸಿರು ಬಿಟ್ಟದ್ದು. ಬಚಾವ್! ಅಫ್ರೋಜ್ ಕೆಂಪರಾಜನ ತಲೆ ಸವರಿದ. "ನಿನ್ನ ಬಿಟ್ಟು ಹೋದ್ರಲ್ಲ, ಸಾಕು ಮಗಾ. ನಾಳೆ ಬಾ ಅಂದಾಗ ತಾತ ಏನಂದ್ರು?"

"ಎಲ್ಲಿಗೆ ಬರಲಿ ಅಂದ್ರು."

ರೈಲು ಕಡಕಡ ಅಂತಿತ್ತು.

"ನಾಳೆ ನಾವು ಲಾಡ್ಜಲ್ಲಿ ಇರಲ್ವಲ್ಲ. ಸುಳ್ಳು ಹೇಳ್ಬಾರ್ದು. ನಮ್ಮನೆ ಅಡ್ರೆಸ್ ಹೇಳ್ದೆ. ನಾನು ತಲುಪೋದು ತಡ ಆಯ್ತದೆ, ಅವ್ವ ಒಬ್ಬಳೇ ಇರ್ತಾಳೆ, ಬಾಗಿಲು ಜೋರಾಗಿ ತಟ್ಟಿ ಅಂದೆ."

ಇಬ್ಬರೂ ಒಟ್ಟಿಗೆ ಎದ್ದು ನಿಂತರು. "ಇವತ್ತೇ ಆ ನಾಳೆ ಕಣೋ! ಫೋನ್ ಮಾಡು! ಈಗ್ಲೇ ಮಾಡು!" ಅಫ್ರೋಜ್ ಅವನ ಹೆಗಲು ಹಿಡಿದು ಅಲ್ಲಾಡಿಸಿದ. "ಬಾಗಿಲು ತೆಗೀಬೇಡ ಅಂತ ಹೇಳು. ಏನೇ ಆಗ್ಲಿ, ಯಾರೇ ಹೇಳ್ಲಿ, ಬಾಗಿಲು ತೆಗೀಬಾರ್ದು. ನಿಮ್ಮವ್ವ ಬದುಕ್ಬೇಕು ಅಂದ್ರೆ ಇದೊಂದು ಮಾತನ್ನ ಸರಿಯಾಗಿ ಹೇಳು!"

ಅವ್ವನ ಜೀವ ಅಂದಾಗ ಕೆಂಪರಾಜನ ಮುಖವೂ ಬದಲಾಯಿತು. ನಂಬರ್ ಒತ್ತಿದ. ಸಿಗ್ನಲ್ ಇಲ್ಲ. ಮತ್ತೆ ಒತ್ತಿದ. ಇಲ್ಲ. ಮಧ್ಯಾಹ್ನ ಹೋಯಿತು. ಯಾವುದೋ ಸ್ಟೇಷನ್ ಹತ್ತಿರ ಬಂದಾಗ ಸಂಜೆ. ಆಗ ರಿಂಗಾಯಿತು. ಅವ್ವ ಎತ್ತಿದಳು.

"ಅವ್ವಾ! ಬಾಗಿಲು ತೆಗೀಬೇಡ ಕಣವ್ವ!"

ಅವ್ವ ಆ ಕಡೆಯಿಂದ ಮೆಲ್ಲಗೆ ಹೇಳಿದಳು. "ಒಳ್ಳೆ ಹೊತ್ತಿಗೆ ಮಾಡಿದ್ಯಪ್ಪ. ನಿನ್ನ ಕೇಳ್ಕೊಂಡು ಯಾರೋ ತಾತ ಬಂದು ಕೂತವ್ರೆ. ಬಾಗಿಲು ಹಾಕು ಅಂತ ಸನ್ನೆ ಮಾಡಿದ್ರು, ಹಾಕಿವ್ನಿ. ಉಂಡ್ರು. ಆಮೇಲಿಂದ ಮಾತಿಲ್ಲ ಕತೆಯಿಲ್ಲ. ಕೂತ ಕಡೆಯಿಂದ ನೀರು ಇಳೀತಾ ಐತೆ ಮಗಾ, ನಡುಮನೆಯೆಲ್ಲಾ ನೀರು. ನಂಗ್ಯಾಕೋ ಭಯ ಆಯ್ತೈತೆ. ಇರು, ಬಾಗಿಲು ತೆಗೆದು ಪಕ್ಕದ ಮನೆಗೆ ಹೋಯ್ತೀನಿ."

"ತೆಗೀಬೇಡ ಕಣವ್ವ!"

"ಲೋ!" ಅಂತ ಕಿರುಚಿದ ಅಫ್ರೋಜ್. "ತೆಗೀಲಿ ಅನ್ನೋ! ಓಡ್ಲಿ ಅನ್ನು!"

ಕೆಂಪರಾಜ ಫೋನನ್ನ ಎದೆಗೆ ಅವುಚಿಕೊಂಡು ಕಿಟಕಿ ಕಡೆ ತಿರುಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವ್ವನನ್ನ ಉಳಿಸಿಕೊಳ್ಳಬೇಕು. ಇದೊಂದು ಸಲವಾದರೂ ತಪ್ಪು ಮಾಡಬಾರದು.

"ಯಾರೇ ಹೇಳ್ಲಿ ಅಂದಿದ್ಯಲ್ಲ" ಅಂದ. "ನೀನು ಹೇಳಿದ್ರೂ ಅಷ್ಟೇ!" ಆಮೇಲೆ ಫೋನಿಗೆ ಬಾಯಿ ಹಚ್ಚಿದ. "ಅವ್ವಾ, ನನ್ನ ಮಾತು ಕೇಳು. ಏನೇ ಆಗ್ಲಿ. ತೆಗೀಬೇಡ."

ಹುಟ್ಟಿದಾಗಿನಿಂದ ಬುದ್ಧಿ ಹೇಳಿಸಿಕೊಂಡ ಮಗ, ಮೊದಲನೇ ಸಲ ಬುದ್ಧಿ ಹೇಳುತ್ತಿದ್ದಾನೆ. ಅವ್ವನಿಗೆ ಎಲ್ಲೋ ಧೈರ್ಯ ಬಂತು.

"ಆಯ್ತು ಕಣಪ್ಪ" ಅಂದಳು ಚೆನ್ನಾಜಮ್ಮ. "ನೀನು ಹೇಳಿದ ಮೇಲೆ ತೆಗೆಯಲ್ಲ."

ಚಿಲಕದ ಮೇಲಿದ್ದ ಕೈಯನ್ನ ಅವಳು ಕೆಳಗಿಳಿಸಿದಳು.