ಅಜ್ಜನ ಕೋವಿಗೆ ಒಗ್ಗಿದ ತೋಟೆ

"ಬುದ್ಧೀ, ಹೊರಗಿನಿಂದ ಬಂದವನನ್ನು ನಮ್ಮ ಮನೆಗೆ ಒಗ್ಗಿಸುವುದು ಹೇಗೆ?"

ಕೇಳಿದವನು ಹಿಟ್ಟಿನ ಗಿರಣಿಯ ಶಾಂತಮಲ್ಲಪ್ಪ. ಗುರುಗಳು ಮಠದ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಒಂದು ಹಿಡಿ ಕಾಯಿ ಅವನ ಮುಂದೆ ಸುರಿದು, "ಕೈ ಕಟ್ಟಿಕೊಂಡು ಕೇಳಬೇಡ, ನೀನೂ ಬಿಡಿಸು. ಯಾರಪ್ಪ ಆ ಹೊರಗಿನವನು?" ಎಂದರು.

"ನನ್ನ ಅಳಿಯ ಬುದ್ಧಿ, ಸಂಗನಬಸು. ವಿಜಯಪುರದ ಕಡೆಯವನು. ಇರುವವಳು ಒಬ್ಬಳೇ ಮಗಳು ಅಂತ ಅವನನ್ನು ಮನೆಯಳಿಯ ಮಾಡಿಕೊಂಡೆ. ವರ್ಷವಾಯಿತು, ಒಂದೂ ನಮ್ಮ ರೀತಿಯಲ್ಲ. ಮೂಟೆಯ ಬಾಯಿ ಕಟ್ಟುವುದೇ ಬೇರೆ ಥರ. ಗಿರಾಕಿ ಬಂದರೆ ಹರಟೆಗೆ ಕೂರುತ್ತಾನೆ. ಅನ್ನ ಬಡಿಸಿದರೆ ರೊಟ್ಟಿ ಇಲ್ಲವಾ ಅನ್ನುತ್ತಾನೆ. ದಿನಾ ಬೆಳಿಗ್ಗೆ ಎದುರಿಗೆ ಕೂರಿಸಿಕೊಂಡು ತಿದ್ದುತ್ತೇನೆ. ನನ್ನ ಹೆಂಡತಿ ನೋಡಿದರೆ ಅವನಿಗೆ ಅಂತಲೇ ಶೇಂಗಾಪುಡಿ ಕುಟ್ಟುತ್ತಾಳೆ. ನನ್ನ ತಾಯಿ ಅವನು ಬರುವವರೆಗೆ ಊಟಕ್ಕೇ ಏಳುವುದಿಲ್ಲ. ಎಲ್ಲರೂ ಹೀಗೆ ತಲೆ ಮೇಲೆ ಕೂರಿಸಿಕೊಂಡರೆ ಅವನು ಕಲಿಯುವುದು ಯಾವಾಗ? ನಿನ್ನೆ ನಾಲ್ಕು ಮಾತು ಜಾಸ್ತಿಯೇ ಆಡಿದೆ. ನಾಳೆ ಗಂಡ ಹೆಂಡತಿ ಇಬ್ಬರೂ ಮನೆ ಬಿಟ್ಟು ಹೊರಟಿದ್ದಾರೆ ಬುದ್ಧಿ. ಮಗಳು ಆಗಲೇ ಟ್ರಂಕು ತುಂಬುತ್ತಿದ್ದಾಳೆ."

ಹೇಳುತ್ತ ಹೇಳುತ್ತ ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಗುರುಗಳಿಗೆ ಅವನ ಮೇಲೆ ಅಕ್ಕರೆ ಉಕ್ಕಿತು.

"ಗಿರಣಿಯ ಸದ್ದಿನಲ್ಲಿ ಕೂತು ಕೂತು ಮೆಲ್ಲಗೆ ಮಾತಾಡುವುದೇ ನಿನಗೆ ಮರೆತುಹೋಗಿದೆ ನೋಡು. ಇರಲಿ, ಅಳಬೇಡ. ಒಂದು ಕತೆ ಹೇಳುತ್ತೇನೆ, ಕೇಳು" ಎಂದು ಗುರುಗಳು ಶುರುಮಾಡಿದರು.

ಕೊಡಗಿನಲ್ಲಿ ಒಬ್ಬ ಕಾಫಿ ಬೆಳೆಗಾರನಿದ್ದ. ಅವನ ಮನೆಯಲ್ಲಿ ಅಜ್ಜನ ಕಾಲದ ಒಂದು ಕೋವಿ ಇತ್ತು. ಕರಿಮದ್ದು ತುಂಬಿ ಹಾರಿಸುವಂಥದ್ದು. ಆ ಮನೆಯಲ್ಲಿ ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಅದರಿಂದ ಒಂದು ಗುಂಡು ಹಾರಿಸಬೇಕು, ಸದ್ದು ಕೇಳಿದ ಊರವರೆಲ್ಲ ಬಂದು ಮಗುವಿನ ಮುಖ ನೋಡಬೇಕು. ಅದು ಅವರ ಪದ್ಧತಿ. ಆದರೆ ಕೋವಿ ಇದ್ದರೆ ಸಾಕೇ? ತೋಟೆ ಬೇಕಲ್ಲ. ತೋಟೆ ಅಂದರೆ ಮದ್ದು ತುಂಬುವ ಹಿತ್ತಾಳೆ ಕೊಳವೆ. ಆ ಕೋವಿಗೆ ಆಗುವ ತೋಟೆ ಮಾಡುವುದನ್ನೇ ಜಗತ್ತು ಬಿಟ್ಟು ಎಷ್ಟೋ ಕಾಲವಾಗಿತ್ತು. ಇದ್ದವು ಒಂದೊಂದಾಗಿ ಮುಗಿದು ಕೋವಿ ಗೋಡೆಯಲ್ಲಿ ಸುಮ್ಮನೆ ತೂಗಾಡುತ್ತಿತ್ತು.

ಅಷ್ಟರಲ್ಲಿ ಬೆಳೆಗಾರನ ಸೊಸೆ ಬಸುರಿಯಾದಳು. ಮೊದಲ ಮೊಮ್ಮಗು. ಸದ್ದಿಲ್ಲದೆ ಹುಟ್ಟಿಬಿಟ್ಟರೆ ಹೇಗೆ ಅಂತ ಅವನಿಗೆ ನಿದ್ದೆ ಹತ್ತಲಿಲ್ಲ. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಕೋವಿ ರಿಪೇರಿ ಮಾಡುವವನ ಹತ್ತಿರ ಹೋದ.

ರಿಪೇರಿಯವನು ಬೇರೆ ಕೋವಿಯ ಒಂದಷ್ಟು ಖಾಲಿ ತೋಟೆ ತೆಗೆದ. "ಇವು ನಿಮ್ಮ ಕೋವಿಯವಲ್ಲ ದಣಿ. ಉದ್ದ ಹೆಚ್ಚು, ಮೈ ಸಣ್ಣ. ಒಗ್ಗಿಸೋಣ" ಎಂದ. ಉದ್ದ ಕತ್ತರಿಸಿದ. ಬಾಯಿಯ ಕಡೆ ಬೆಂಕಿಗೆ ಹಿಡಿದು, ಬಣ್ಣ ತಿರುಗಿದ ಕೂಡಲೇ ನೀರಿಗೆ ಹಾಕಿದ. ಹಾಗೆ ಮಾಡಿದರೆ ಹಿತ್ತಾಳೆ ಮೆತ್ತಗಾಗುತ್ತದೆ. ಆಮೇಲೆ ಒಳಗೆ ಚೂರೇ ಚೂರು ಮದ್ದು, ಅದರ ಮೇಲೆ ರವೆ, ಬಾಯಿಗೆ ಮೇಣ. ಗುಂಡು ಇಲ್ಲ.

"ರವೆಯಾ ಬುದ್ಧಿ?" ಎಂದ ಶಾಂತಮಲ್ಲಪ್ಪ.

"ಹೂಂ, ಉಪ್ಪಿಟ್ಟಿನ ರವೆಯೇ. ನಿನ್ನ ಗಿರಣಿಯದ್ದಲ್ಲ, ಗಾಬರಿಯಾಗಬೇಡ. ಕಾಯಿ ಬಿಡಿಸು."

ರಿಪೇರಿಯವನು ಕೋವಿಯನ್ನು ಆಕಾಶಕ್ಕೆ ಹಿಡಿದು ಹಾರಿಸಿದ. ಅಂಗಳದ ತುಂಬ ರವೆ ಉದುರಿತು. ಕೋಳಿಗಳಿಗೆ ಹಬ್ಬ. ತೋಟೆಯನ್ನು ಹೊರಗೆ ತೆಗೆದು ನೋಡಿದರೆ ಅದರ ಮೈ ಬದಲಾಗಿತ್ತು. ಒಳಗಿನ ಬಿಸಿಗೆ, ಒತ್ತಡಕ್ಕೆ ಉಬ್ಬಿ, ಕೋವಿಯೊಳಗೆ ತಾನು ಕೂತ ಜಾಗದ ಆಕಾರವನ್ನೇ ತಳೆದಿತ್ತು. ಅಜ್ಜನ ಕೋವಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ. ಬೆಳೆಗಾರನಿಗೆ ಹಿಡಿಸಲಾರದ ಸಂತೋಷ. ಅಂಥ ಒಂದು ಹಿಡಿ ತೋಟೆ ಮಾಡಿಸಿಕೊಂಡು ಮನೆಗೆ ಹೋದ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಅವನು ಭಾರೀ ಅಚ್ಚುಕಟ್ಟಿನ ಮನುಷ್ಯ. ಇಂಥವರು ಒಳ್ಳೆಯವರೇ, ಜೊತೆಗಿರುವವರ ಪ್ರಾಣ ಹಿಂಡುತ್ತಾರೆ ಅಷ್ಟೇ. ಪೇಟೆಯಿಂದ ಉಕ್ಕಿನ ಒಂದು ಅಚ್ಚು ತಂದ. ತೋಟೆಯನ್ನು ಅದರೊಳಗೆ ತುರುಕಿ ಒತ್ತಿದರೆ ಪುಸ್ತಕದಲ್ಲಿ ಬರೆದ ಅಳತೆಗೆ ಸರಿಯಾಗಿ ಬರುತ್ತದೆ. ಕೈ ಪಳಗಲಿ ಅಂತ ಒಂದು ಗುಂಡು ಹಾರಿಸುವನು. ತೋಟೆ ಉಬ್ಬಿರುವುದನ್ನು ನೋಡಿ, "ಛೆ, ಅಳತೆ ಮೀರಿದೆ" ಅಂತ ಅಚ್ಚಿಗೆ ಹಾಕಿ ಹಿಂಡುವನು. ಮತ್ತೆ ಹಾರಿಸಿದರೆ ಮತ್ತೆ ಉಬ್ಬುವುದು. ಇವನು ಮತ್ತೆ ಹಿಂಡುವನು. ಹಿತ್ತಾಳೆ ತಾನೇ ಎಷ್ಟು ತಡೆದೀತು? ಉಬ್ಬಿ, ಕುಗ್ಗಿ, ಸುಸ್ತಾಗಿ ಒಂದೊಂದೇ ಪಕ್ಕದಲ್ಲಿ ಸೀಳುತ್ತ ಬಂದವು. ಬೆಳೆಗಾರ ಹಿತ್ತಾಳೆಯನ್ನು ಬೈದ. ಬೇರೆ ಊರಿನ ಮಾಲು, ಕಳಪೆ ಅಂದ. ತನ್ನ ಕೈಯನ್ನು ಮಾತ್ರ ನೋಡಿಕೊಳ್ಳಲಿಲ್ಲ.

ಕೊನೆಗೆ ಉಳಿದದ್ದು ಒಂದೇ ತೋಟೆ. ಅದನ್ನೂ ಒಮ್ಮೆ ಹಾರಿಸಿಯಾಗಿತ್ತು, ಹಿಂಡುವುದು ಬಾಕಿ. ಅವತ್ತೇ ಸೊಸೆಗೆ ನೋವು ಕಾಣಿಸಿಕೊಂಡಿತು. ಬೆಳೆಗಾರ ತೋಟೆಯನ್ನು ಮುಷ್ಟಿಯಲ್ಲಿ ಹಿಡಿದು, ಕೋವಿ ಹೊತ್ತು, ಏದುಸಿರು ಬಿಡುತ್ತ ರಿಪೇರಿಯವನ ಹತ್ತಿರ ಓಡಿದ. "ಇದೊಂದೇ ಇರುವುದು ಮಾರಾಯ. ಸೀಳದ ಹಾಗೆ ನಿನ್ನ ಕೈಯಿಂದಲೇ ಒತ್ತಿಕೊಡು. ನಿನ್ನ ದಮ್ಮಯ್ಯ."

ರಿಪೇರಿಯವನು ಅದನ್ನು ಒತ್ತಲಿಲ್ಲ. ಹಾಗೇ ಕೋವಿಯೊಳಗೆ ಇಟ್ಟ. ತಳ್ಳಬೇಕಾಗಲಿಲ್ಲ, ತಾನಾಗಿ ಹೋಗಿ ಕೂತಿತು.

"ಕೂತಿತಲ್ಲ ದಣಿ, ಇನ್ನು ಹಿಂಡುವುದು ಯಾಕೆ?"

"ಅಚ್ಚಿನ ಅಳತೆಗೆ ಬರುವುದಿಲ್ಲ."

"ಇದು ಇರಬೇಕಾದದ್ದು ಅಚ್ಚಿನೊಳಗೋ, ಕೋವಿಯೊಳಗೋ?"

ಬೆಳೆಗಾರ ತೋಟೆಯನ್ನು ಇದ್ದ ಹಾಗೇ ಮನೆಗೆ ತಂದು, ಮೊದಲ ಸಲ ಹಿಂಡದೆ ಮದ್ದು ತುಂಬಿದ. ಒಳಗೆ ಮಗು ಅತ್ತಿತು, ಹೆಣ್ಣು ಮಗು ಅಂದರು. ಅವನು ಅಂಗಳದಲ್ಲಿ ನಿಂತು ಹಾರಿಸಿದ. ಆಹಾ, ಏನು ಸದ್ದು ಅಂತೀಯಾ! ಕಣಿವೆಯ ಆಚೆಯ ಮನೆಗಳಿಂದಲೂ ಜನ ಹೊರಟರು. ಅಜ್ಜಿಯರು ಕೋಲೂರಿಕೊಂಡು ಬಂದರು. ಬೆಳೆಗಾರ ಮೊಮ್ಮಗಳನ್ನು ಎತ್ತಿಕೊಂಡು, ಮದ್ದಿನ ಮಸಿ ಮೆತ್ತಿದ ಮುಖದಲ್ಲೇ, ಬಂದವರ ಎದುರು ನಾಚಿಕೆಯಿಲ್ಲದೆ ಅತ್ತ. ಆಮೇಲೆ ಒಬ್ಬನೇ ಹೋಗಿ ಕೋವಿಯಿಂದ ತೋಟೆ ತೆಗೆದ. ಅದರ ಮೈಯಲ್ಲಿ ಒಂದು ಬಿರುಕೂ ಬಿಟ್ಟಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಾಂತಮಲ್ಲಪ್ಪನ ಮುಖ ಸ್ವಲ್ಪ ಅರಳಿತ್ತು.

"ತಿಳಿಯಿತು ಬುದ್ಧಿ. ನಾನು ಇನ್ನು ಮೇಲೆ ಹಿಂಡುವುದಿಲ್ಲ. ಈಗಲೇ ಹೋಗಿ ಕಾಲಿಗೆ ಬಿದ್ದಾದರೂ ಇಬ್ಬರನ್ನೂ ನಿಲ್ಲಿಸುತ್ತೇನೆ. ಸುಮ್ಮನೆ ಬಿಟ್ಟರೆ ಅವನು ತಾನಾಗಿ ನಮ್ಮ ಮನೆಗೆ ಒಗ್ಗುತ್ತಾನೆ, ಅಲ್ಲವೇ? ಎಷ್ಟು ದಿನ ಬೇಕಾದೀತು?"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಅವನು ನಿನ್ನ ಮನೆಗೆ ಯಾವತ್ತೋ ಒಗ್ಗಿದ್ದಾನೆ ಮಗನೇ, ಇನ್ನು ಒಗ್ಗಬೇಕಾದವನು ನೀನೊಬ್ಬನೇ."

ಶಾಂತಮಲ್ಲಪ್ಪ ಬಿಡಿಸಿದ ಕಾಳನ್ನು ಗುರುಗಳ ಮುಂದೆ ಸುರಿದು ಮನೆಯ ಕಡೆ ಓಡಿದ.