ದಿಬ್ಬಣ ನಿಲ್ಲಿಸಿದ ವಾದ

ಮದುವೆ ದಿಬ್ಬಣ ನಡುಬೀದೀಲಿ ನಿಂತುಬಿಟ್ಟಿತ್ತು. ಬ್ಯಾಂಡು ನುಡಿಯದೆ ಮದುಮಗನ ಕುದುರೆ ಹೆಜ್ಜೆ ಎತ್ತೋದಿಲ್ಲ. ಮುಹೂರ್ತಕ್ಕೆ ಹತ್ತೇ ನಿಮಿಷ.

“ಹಾಡು ಅಂದ್ರೆ ಅರವತ್ತರ ದಶಕದ್ದು,” ಅಂತು ಕ್ಲಾರಿನೆಟ್.

“ಹೋಗಜ್ಜಾ, ಕುದುರೇನೂ ನಿದ್ದೆ ಹೋಗುತ್ತೆ. ಎಂಬತ್ತರದ್ದು ನುಡಿಸೋಣ,” ಅಂತು ಟ್ರಂಪೆಟ್.

ಡೋಲಿಗೆ ತಲೆ ಕೆಟ್ಟುಹೋಯ್ತು. ಅದಕ್ಕೆ ಯಾವ ದಶಕದಲ್ಲೂ ಬಿದ್ದದ್ದು ಅದೇ ಏಟು. “ಯಾವುದಾದ್ರೂ ಒಂದು ಊದ್ರಪ್ಪಾ, ಮುಹೂರ್ತ ಮೀರುತ್ತೆ!”

ಅವೆರಡೂ ಕಿವಿಗೆ ಹಾಕ್ಕೊಳ್ಳಲಿಲ್ಲ. ರೇಗಿಹೋದ ಡೋಲು ತಾನೊಂದೇ ಢಮಢಮ ಬಡ್ಕೊಳ್ಳೋಕೆ ಶುರುಮಾಡ್ತು. ಕುದುರೆ ಹೊರಟಿತು, ನೆಂಟರು ಕುಣೀತಾ ಹಿಂದೆ ಬಂದರು, ದಿಬ್ಬಣ ಹೊತ್ತಿಗೆ ಸರಿಯಾಗಿ ಛತ್ರ ಸೇರ್ತು.

ಕ್ಲಾರಿನೆಟ್ ಏದುಸಿರು ಬಿಡ್ತಾ ಬಂತು. “ಭೇಷ್! ಯಾವ ಹಾಡಪ್ಪಾ ಅದು?”

“ಹಾಡಲ್ಲ ಮಾರಾಯ, ನನ್ನ ಸಿಟ್ಟು.”

ಕ್ಲಾರಿನೆಟ್ ಗಂಭೀರವಾಗಿ ತಲೆದೂಗ್ತು. “ಇಷ್ಟು ಚೆನ್ನಾಗಿ ಸಿಟ್ಟು ಬರ್ತಿದ್ದದ್ದು ಅರವತ್ತರ ದಶಕದಲ್ಲಿ ಮಾತ್ರ.”