ಹತ್ತೊಂಬತ್ತು ಚುಕ್ಕಿಗಳು

"ಧ್ಯಾನಕ್ಕೆ ಕೂತರೆ ನನಗೆ ದೊಡ್ಡ ಬೆಳಕು ಕಾಣುತ್ತದೆ ಗುರುಗಳೇ. ನಾಳೆ ಸಭೆಯಲ್ಲಿ ಅದನ್ನು ಹೇಳಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕೆಲವು ನಕ್ಷತ್ರಗಳು ಸೂಸುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಮೂಳೆ ತೋರಿಸುತ್ತದಲ್ಲ, ಆ ಕ್ಷ-ಕಿರಣವದು. ನಮ್ಮ ಗಾಳಿ ಅದನ್ನು ನೆಲಕ್ಕೆ ಬಿಡುವುದಿಲ್ಲ. ಹೀಗಾಗಿ ಒಂದು ಕಾಲೇಜಿನ ವಿದ್ಯಾರ್ಥಿಗಳು ಮೂರು ವರ್ಷ ಒದ್ದಾಡಿ ಅಂಗೈಯಗಲದ ಯಂತ್ರ ಕಟ್ಟಿದರು. ಅಂಥ ಒಂದು ನಕ್ಷತ್ರವನ್ನು ನೋಡಲೆಂದು ಅದನ್ನು ಬಲೂನಿಗೆ ತೂಗುಹಾಕಿ ಬಹಳ ಎತ್ತರಕ್ಕೆ ಕಳಿಸಿದರು. ಇಳಿದು ಬಂದಾಗ ಅದರಲ್ಲಿ ಸಾವಿರಾರು ಚುಕ್ಕಿಗಳು ದಾಖಲಾಗಿದ್ದವು. ಒಂದೊಂದು ಚುಕ್ಕಿ ಒಂದೊಂದು ಕಿರಣ. ಅಷ್ಟು ಪ್ರಖರವಾದ ನಕ್ಷತ್ರವನ್ನು ಯಾರೂ ಕಂಡಿರಲಿಲ್ಲ. ಅವರ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಪತ್ರಿಕೆಯವರಿಗೆ ಹೇಳಿಕಳಿಸಿದ್ದೂ ಆಯಿತು.

ಒಬ್ಬ ವಿದ್ಯಾರ್ಥಿನಿಗೆ ಮಾತ್ರ ಊಟ ಸೇರಲಿಲ್ಲ. ಯಂತ್ರ ನಕ್ಷತ್ರದಿಂದ ಮುಖ ತಿರುಗಿಸಿದಾಗಲೂ ಚುಕ್ಕಿಗಳು ಕಡಿಮೆಯಾಗಿರಲಿಲ್ಲ. ನೆಲದ ಮೇಲೆ ಪರೀಕ್ಷಿಸಲೆಂದು ಯಂತ್ರದ ಬಾಯಿಗೆ ಸಾಸಿವೆಕಾಳಿನಷ್ಟು ವಿಕಿರಣದ ಚೂರು ಇಡುತ್ತಾರೆ. ಹಾರಿಸುವ ಮುನ್ನ ಅದನ್ನು ತೆಗೆಯಬೇಕು. ತೆಗೆಯುವ ಕೆಲಸ ಅವಳದು. ಅವಳು ಮರೆತಿದ್ದಳು. ಇನ್ನೊಂದು ಹಾರಾಟ ಸಿಗುವಂತಿರಲಿಲ್ಲ. ಹೇಳಿದರೆ ಹತ್ತು ಜನರ ಮೂರು ವರ್ಷ ಮಣ್ಣುಪಾಲು, ಅದೂ ಅವಳ ಕೈಯಿಂದ.

ಆದರೂ ಹೋಗಿ ಹೇಳಿದಳು.

"ನೀನು ಬಾಯಿ ಬಿಡದಿದ್ದರೆ ಯಾರಿಗೆ ಗೊತ್ತಾಗ್ತಿತ್ತಮ್ಮಾ?" ಎಂದರು ಮೇಷ್ಟ್ರು.

"ಯಾರಿಗೂ ಗೊತ್ತಾಗ್ತಿರ್ಲಿಲ್ಲ ಸರ್. ಆದ್ರೆ ಇನ್ಮೇಲೆ ಯಾವ ಮುಖ ಇಟ್ಕೊಂಡು ಆಕಾಶ ನೋಡ್ಲಿ?"

ಮೇಷ್ಟ್ರು ಪತ್ರಿಕೆಯವರಿಗೆ ಬರಬೇಡಿ ಎಂದು ತಿಳಿಸಿದರು. ಆ ಚೂರಿನಿಂದ ಬರುವ ಕಿರಣಗಳಿಗೆಲ್ಲ ಒಂದೇ ಕಸುವು, ಗುರುತು ಹಿಡಿಯಬಹುದು. ಇಬ್ಬರೂ ಕೂತು ಅವನ್ನೆಲ್ಲ ಕಳೆಯುತ್ತ ಹೋದರು. ಮೇಲಿನ ಗಾಳಿಯಲ್ಲೇ ಹುಟ್ಟಿದ ಕಿರಣಗಳನ್ನೂ ಕಳೆದರು. ಏನೂ ಉಳಿಯುವುದಿಲ್ಲವೆಂದೇ ಅಂದುಕೊಂಡಿದ್ದರು.

ಹತ್ತೊಂಬತ್ತು ಉಳಿದವು.

ಹತ್ತೊಂಬತ್ತೂ ಯಂತ್ರ ನಕ್ಷತ್ರವನ್ನು ನೋಡುತ್ತಿದ್ದಾಗಲೇ ಬಂದಿದ್ದವು. ಆರು ಸಾವಿರ ವರ್ಷಗಳ ಹಿಂದೆ ಹೊರಟ ಕಿರಣಗಳು. ದಾರಿಯಲ್ಲಿ ಏನನ್ನೂ ತಾಕದೆ ಬಂದು, ಹುಡುಗರು ಕಟ್ಟಿದ ಅಂಗೈಯಗಲದ ಯಂತ್ರದಲ್ಲಿ ನಿಂತಿದ್ದವು. ಹುಡುಗಿ ಇನ್ನೊಮ್ಮೆ ಎಣಿಸಿದಳು. ಮೇಷ್ಟ್ರು, ಯಾರೋ ದೊಡ್ಡವರು ಒಳಗೆ ಬಂದ ಹಾಗೆ, ಕುರ್ಚಿಯಿಂದ ಎದ್ದು ನಿಂತರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ, "ಹಾಗಾದರೆ ನನಗೆ ಕಂಡ ಬೆಳಕು?" ಎಂದ.

"ನೀನೇ ಇಟ್ಟ ಬೆಳಕನ್ನು ಕಳೆದ ಮೇಲೆ ಒಂದೇ ಒಂದು ಚುಕ್ಕಿ ಉಳಿದರೂ ನನ್ನನ್ನು ಕರೆ, ನಾನೂ ಎದ್ದು ನಿಲ್ಲುತ್ತೇನೆ."